ಬಾಸ್ಟನ್‌ನಲ್ಲಿ 2022ರಲ್ಲಿ ಊಬರ್ ಓಡಿಸಿದ್ದೆ. ಮ್ಯಾಸಚೂಸೆಟ್ಸ್ ಸೆಟಲ್‌ಮೆಂಟ್ ಹಣ ನನಗೂ ಸಿಗುತ್ತಾ?

ನೀವು ಅರ್ಹರ ಸಾಲಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಚಾಲಕರನ್ನು ನೌಕರರೆಂದು ಒಪ್ಪದೆ ಸ್ವತಂತ್ರ ಗುತ್ತಿಗೆದಾರರೆಂದು ತೋರಿಸುವುದು ತಪ್ಪು ಎಂದು ರಾಜ್ಯದ ಅಟಾರ್ನಿ ಜನರಲ್ (ಸರ್ಕಾರದ ಮುಖ್ಯ ಕಾನೂನು ಅಧಿಕಾರಿ) 2020ರಲ್ಲಿ ಊಬರ್ ಮತ್ತು ಅದರಂಥದೇ ಟ್ಯಾಕ್ಸಿ ಆ್ಯಪ್ ಲಿಫ್ಟ್ ಮೇಲೆ ಕೇಸು ಹಾಕಿದ್ದರು. 2024ರ ಜೂನ್‌ನಲ್ಲಿ ಅದು 17.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಊಬರ್ ಪಾಲು 14.8 ಕೋಟಿ, ಲಿಫ್ಟ್ ಪಾಲು 2.7 ಕೋಟಿ. ಇದರಲ್ಲಿ ಹೆಚ್ಚಿನ ಹಣ ಚಾಲಕರಿಗೇ ಮೀಸಲು.

ಮೊದಲು ಆ್ಯಪ್‌ಗೆ ಕೊಟ್ಟಿದ್ದ ಹಳೆಯ ಇಮೇಲ್ ತೆರೆದು, ಸ್ಪ್ಯಾಮ್ ಸಮೇತ ಹುಡುಕಿ. ನೋಟಿಸ್ ಅಲ್ಲಿಗೇ ಬಂದಿರಬಹುದು. ಸಿಗದಿದ್ದರೆ ಅಟಾರ್ನಿ ಜನರಲ್ ಕಚೇರಿಯ ವೆಬ್‌ಸೈಟ್‌ನಿಂದಲೇ ಮುಂದೆ ಹೋಗಿ, ಕ್ಲೇಮ್ ಗಡುವು ಇನ್ನೂ ಇದೆಯೇ, ಮುಗಿದಿದೆಯೇ ಎಂದು ಅಲ್ಲೇ ನೋಡಿ. ಮನೆ ಬದಲಿಸಿದ್ದರೆ ವಿಳಾಸ ತಿದ್ದಿಸಿ, ಟ್ರಿಪ್ ಮತ್ತು ಗಳಿಕೆಯ ದಾಖಲೆ ಇಳಿಸಿಟ್ಟುಕೊಳ್ಳಿ.

ದಯವಿಟ್ಟು ಯಾರಿಗೂ ದುಡ್ಡು ಕೊಡಬೇಡಿ. "ಫೀಸು ಕಟ್ಟಿ, ಹಣ ಬೇಗ ಬಿಡಿಸಿಕೊಡ್ತೀವಿ" ಅನ್ನುವವರು ಮೋಸಗಾರರು. ಕಷ್ಟಪಟ್ಟು ಓಡಿಸಿದವರ ಹಣಕ್ಕೆ ಕೈಹಾಕುವವರನ್ನು ಕಂಡರೆ ನನಗೆ ತುಂಬ ಸಿಟ್ಟು ಬರುತ್ತದೆ.

ಇನ್ನೊಂದು ವಿಷಯ. ಈ ರಾಜಿಯಿಂದ ಚಾಲಕರು ನೌಕರರಾಗಲಿಲ್ಲ, ಆ ಪ್ರಶ್ನೆಗೆ ತೀರ್ಪೇ ಬರಲಿಲ್ಲ. ಆದರೆ ಅಲ್ಲಿ ಓಡಿಸುವವರಿಗೆ 2024ರಲ್ಲಿ ಗಂಟೆಗೆ ಕನಿಷ್ಠ 32.50 ಡಾಲರ್ ನಿಗದಿಯಾಯಿತು. ಟ್ರಿಪ್‌ಗಾಗಿ ಕಾಯುವ ಹೊತ್ತು ಈ ಲೆಕ್ಕಕ್ಕೆ ಬರುವುದಿಲ್ಲ.