ಬಲಗಡೆಯಿಂದ ಬಂದವರಿಗೆ ಮೊದಲು ದಾರಿ

ಪ್ರಶ್ನೆ: ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಒಂದು ದಿನ ಅಗಲವಾದ ಬೀದಿಯಲ್ಲಿ ನೇರವಾಗಿ ಹೋಗುತ್ತಿದ್ದ ನಮ್ಮ ಅಳಿಯಂದಿರು, ಬಲಗಡೆಯ ಸಣ್ಣ ಓಣಿಯಿಂದ ಬಂದ ಕಾರಿಗಾಗಿ ನಿಂತುಬಿಟ್ಟರು. ಅಲ್ಲಿ ಸಿಗ್ನಲ್ಲೂ ಇರಲಿಲ್ಲ, ಪೊಲೀಸರೂ ಇರಲಿಲ್ಲ. ಇದು ನಿಯಮವೇ, ಸೌಜನ್ಯವೇ? ಮೂವತ್ತು ವರ್ಷದಿಂದ ಕಾರು ಓಡಿಸುತ್ತಿರುವ ನಾನು ಮುಂದಿನ ಸಲ ಹೋದಾಗ ಅಲ್ಲಿ ಓಡಿಸಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಯಮವೇ. ಫಲಕವಾಗಲಿ ಸಿಗ್ನಲ್ಲಾಗಲಿ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ಮೊದಲು ದಾರಿ ಬಿಡಬೇಕು. ಜರ್ಮನರು ಇದನ್ನು 'ರೆಕ್ಟ್ಸ್ ಫೋರ್ ಲಿಂಕ್ಸ್', ಅಂದರೆ ಎಡಕ್ಕಿಂತ ಬಲ ಮೊದಲು, ಎನ್ನುತ್ತಾರೆ. ಬೀದಿ ಎಷ್ಟು ಅಗಲ, ಯಾರು ನೇರವಾಗಿ ಹೋಗುತ್ತಿದ್ದಾರೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಗಂಟೆಗೆ 30 ಕಿ.ಮೀ. ಮಿತಿಯಿರುವ ಬಡಾವಣೆಗಳಲ್ಲಿ ಇಂತಹ ಕೂಡುರಸ್ತೆಗಳೇ ಹೆಚ್ಚು.

ಇದೇ ಮಾತು ನಮ್ಮ ಕಾನೂನಿನಲ್ಲಿಯೂ ಇದೆ. ಮುಖ್ಯರಸ್ತೆಗೆ ಸೇರುವವರು ಅದರಲ್ಲಿ ಸಾಗುತ್ತಿರುವ ವಾಹನಗಳಿಗೂ, ಉಳಿದ ಕೂಡುರಸ್ತೆಗಳಲ್ಲಿ ಎಲ್ಲರೂ ತಮ್ಮ ಬಲಗಡೆಯಿಂದ ಬರುವ ವಾಹನಗಳಿಗೂ ದಾರಿ ಬಿಡಬೇಕೆಂದು 1989ರ ರಸ್ತೆ ನಿಯಮಾವಳಿಯೇ ಹೇಳಿತ್ತು. ಆದರೆ ಎಂಟರ ಆಕಾರದಲ್ಲಿ ವಾಹನ ತಿರುಗಿಸಿ, ಒಂದಿಷ್ಟು ರಿವರ್ಸ್ ತೋರಿಸಿ ಲೈಸೆನ್ಸ್ ಪಡೆದ ನಮ್ಮಲ್ಲಿ ಎಷ್ಟು ಮಂದಿಗೆ ಇದನ್ನು ಯಾರಾದರೂ ಕಲಿಸಿದ್ದಾರೆ? ನನಗೆ ನೋವುಂಟುಮಾಡುವ ಸಂಗತಿ ಇದು. ಜರ್ಮನಿಯಲ್ಲಿ ಕಾರಿನ ಲೈಸೆನ್ಸಿಗೆ ತಲಾ 90 ನಿಮಿಷಗಳ 14 ಪಾಠ ಕೇಳಿ, ಊರ ಹೊರಗಿನ ರಸ್ತೆ, ಹೆದ್ದಾರಿ ಮತ್ತು ಕತ್ತಲೆಯಲ್ಲಿ ಒಟ್ಟು 12 ವಿಶೇಷ ತರಬೇತಿಗಳನ್ನು ಮುಗಿಸಿ, ಪ್ರಥಮ ಚಿಕಿತ್ಸೆಯನ್ನೂ ಕಲಿಯಬೇಕೆಂಬ ಪದ್ಧತಿ ಬೆಳೆದುಬಂದಿದೆ. ನಿಮ್ಮ ಅಳಿಯಂದಿರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋದದ್ದು ಈ ಅಭ್ಯಾಸದಿಂದ.

ಇನ್ನೊಂದು ನಿಯಮವನ್ನು ನೀವು ಹೋಗುವ ಮೊದಲೇ ತಿಳಿದಿರಬೇಕು. ಆಟೊಬಾನ್ ಹೆದ್ದಾರಿಯಲ್ಲಿ ವಾಹನಗಳು ನಿಂತಾಗ ಅಥವಾ ನಡಿಗೆಯ ವೇಗಕ್ಕೆ ಇಳಿದಾಗ, ಆಂಬುಲೆನ್ಸಿನ ಸದ್ದು ಕೇಳುವವರೆಗೆ ಯಾರೂ ಕಾಯುವಂತಿಲ್ಲ. ಎಡತುದಿಯ ಸಾಲಿನವರು ಎಡಕ್ಕೆ, ಉಳಿದ ಸಾಲುಗಳವರೆಲ್ಲ ಬಲಕ್ಕೆ ಸರಿದು ನಡುವೆ ದಾರಿ ಮಾಡಿಡಬೇಕು. ತಪ್ಪಿದವರಿಗೆ ಕನಿಷ್ಠ 200 ಯೂರೋ ದಂಡದ ಜೊತೆಗೆ ಒಂದು ತಿಂಗಳು ವಾಹನ ಓಡಿಸದಂತೆ ನಿಷೇಧವಿದೆ. 2019ರ ತಿದ್ದುಪಡಿಯ ಬಳಿಕ ನಮ್ಮ ಮೋಟಾರು ವಾಹನ ಕಾಯ್ದೆಯೂ ಆಂಬುಲೆನ್ಸಿಗೆ ದಾರಿ ಬಿಡದವರಿಗೆ 10,000 ರೂಪಾಯಿ ದಂಡ ಹೇಳುತ್ತದೆ. ಆದರೆ ಸೈರನ್ ಕೇಳಿದ ಮೇಲೆ ಸರಿಯಲು ಜಾಗವೇ ಉಳಿದಿರುವುದಿಲ್ಲ. ಮೊದಲೇ ಜಾಗ ಬಿಟ್ಟಿಡುವ ಆ ಕ್ರಮ ನಮಗೂ ಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಮಗಳ ಮನೆಗೆ ಕೆಲವು ವಾರಗಳಿಗೆಂದು ಹೋಗುವವರು ಇಲ್ಲಿನ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು, ಮೂಲ ಲೈಸೆನ್ಸನ್ನೂ ಜೊತೆಗಿಟ್ಟುಕೊಂಡು ಅಲ್ಲಿ ಕಾರು ಓಡಿಸಬಹುದು. ಅಳಿಯಂದಿರ ಕಾರಿನ ವಿಮೆ ನಿಮಗೂ ಅನ್ವಯಿಸುತ್ತದೆಯೇ ಎಂದು ಅವರನ್ನು ಕೇಳಿ. ಅಲ್ಲಿನ ಸಂಚಾರ ರಸ್ತೆಯ ಬಲಬದಿಯಲ್ಲಿ ಸಾಗುವುದರಿಂದ ನಿಮ್ಮ ಅನುಭವ ಕೈಕೊಡುವುದು ಜನನಿಬಿಡ ರಸ್ತೆಗಿಂತ ಖಾಲಿ ರಸ್ತೆಯಲ್ಲೇ ಹೆಚ್ಚು: ಪೆಟ್ರೋಲ್ ಬಂಕಿನಿಂದ ಹೊರಬಂದು ತಿರುಗುವಾಗ, ನೋಡಿ ಅನುಸರಿಸಲು ಮುಂದೆ ಬೇರೆ ವಾಹನವಿಲ್ಲದಿದ್ದರೆ, ಕೈ ತಾನಾಗಿ ಎಡಬದಿಗೆ ಎಳೆಯುತ್ತದೆ. ಮೊದಲ ಕೆಲವು ದಿನ ಅಳಿಯಂದಿರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಭಾನುವಾರದ ಬೆಳಿಗ್ಗೆ ಅದೇ ಬಡಾವಣೆಯ ಬೀದಿಗಳಲ್ಲಿ ಓಡಿಸಿ.