ಕಪಾಲಭಾತಿ ಮಾಡಿದರೆ ಎದೆ ಡವಡವ, ಅಪ್ಪಯ್ಯನಿಗೆ ಹೇಗೆ ಹೇಳಲಿ?

ಪ್ರಶ್ನೆ: ನಮ್ಮೂರು ಶಿರಸಿ ಹತ್ತಿರ. ಕಾರವಾರದಲ್ಲಿ ರೂಮು ಮಾಡಿಕೊಂಡು ಎಂ.ಎಸ್ಸಿ. ಓದುತ್ತಿದ್ದೇನೆ. ಅಪ್ಪಯ್ಯ ಊರಲ್ಲಿ ಯೋಗ ಹೇಳಿಕೊಡುತ್ತಾರೆ. ಪರೀಕ್ಷೆ ಟೆನ್ಶನ್ ಅಂದಿದ್ದಕ್ಕೆ ದಿನಾ ಬೆಳಿಗ್ಗೆ 5ಕ್ಕೆ ಎಬ್ಬಿಸಿ, ವಿಡಿಯೋ ಕಾಲ್‌ನಲ್ಲಿ ಕಪಾಲಭಾತಿ, ಭಸ್ತ್ರಿಕಾ ಮಾಡಿಸುತ್ತಾರೆ. ನಾನು ಮಲಗುವುದೇ ರಾತ್ರಿ 1ಕ್ಕೆ. ಮಾಡಿದರೆ ತಲೆ ಸುತ್ತು, ಬೆರಳು ಜುಮ್ಮೆನ್ನುತ್ತದೆ, ಶವಾಸನದಲ್ಲಿ ಕಣ್ಣು ಮುಚ್ಚಿದರೆ ಎದೆ ಡವಡವ. ಎಲ್ಲರಿಗೂ ಯೋಗದಿಂದ ನೆಮ್ಮದಿ, ನನಗೆ ಮಾತ್ರ ಯಾಕೆ ಹೀಗೆ? ಬಿಟ್ಟರೆ ಅಪ್ಪಯ್ಯನಿಗೆ ಬೇಜಾರು.

ಉತ್ತರ: ತಂಗಿ, ಮೊದಲು ಆ 5 ಗಂಟೆಯ ಅಲಾರಂ ತೆಗೆದುಹಾಕು. 4 ತಾಸು ನಿದ್ದೆ ಮಾಡಿ ಎದ್ದವಳಿಗೆ ಬೇಕಾದ್ದು ಇನ್ನೂ 3 ತಾಸು ನಿದ್ದೆ, ಪ್ರಾಣಾಯಾಮ ಅಲ್ಲ.

ನಿನಗೆ ಆಗುತ್ತಿರುವುದು ವಿಚಿತ್ರವೇನಲ್ಲ. ಕಪಾಲಭಾತಿ, ಭಸ್ತ್ರಿಕಾ ಎರಡೂ ಜೋರು ಉಸಿರಿನವು. ಬೇಕಿದ್ದಕ್ಕಿಂತ ಜಾಸ್ತಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ಗಾಬರಿಯಾದಾಗಲೂ ಮೈಯಲ್ಲಿ ಹೀಗೇ ಆಗುವುದರಿಂದ ಮೊದಲೇ ಟೆನ್ಶನ್‌ನಲ್ಲಿರುವ ನಿನಗೆ ಏನೋ ಆಗಿಯೇಬಿಟ್ಟಿತು ಅನಿಸುತ್ತದೆ. ಕಣ್ಣು ಮುಚ್ಚಿ ಸುಮ್ಮನೆ ಬಿದ್ದುಕೊಂಡರೆ ಕೆಲವರಿಗೆ ಎದೆಬಡಿತ ಬಿಟ್ಟು ಬೇರೇನೂ ಕೇಳಿಸುವುದೇ ಇಲ್ಲ. ನನಗೂ ಹಾಗೇ, ಶವಾಸನ ಅಂದರೆ ಇವತ್ತಿಗೂ ಅಷ್ಟಕ್ಕಷ್ಟೇ.

ಹಾಗಂತ ಯೋಗ ಪೂರ್ತಿ ಬಿಡಬೇಡ. ಜೋರಿನವೆರಡನ್ನು ಪರೀಕ್ಷೆ ಮುಗಿಯುವ ತನಕ ಕಟ್ಟಿಡು. ಸಂಜೆ ಟಾಗೋರ್ ಬೀಚ್‌ಗೆ ಹೋಗಿ ಅರ್ಧ ತಾಸು ನಡೆ, ಆಮೇಲೆ ಮರಳಲ್ಲಿ ಕೂತು ಕಣ್ಣು ಬಿಟ್ಟುಕೊಂಡೇ, ದೂರದ ದೋಣಿ ನೋಡುತ್ತಾ, 4 ಎಣಿಸಿ ಉಸಿರು ತಗೋ, 6 ಎಣಿಸಿ ಬಿಡು. ಹೊರಗೆ ಬಿಡುವ ಉಸಿರು ಉದ್ದವಾದಾಗ ಎದೆಬಡಿತ ತಾನಾಗಿ ನಿಧಾನವಾಗುತ್ತದೆ. 5 ನಿಮಿಷ ಸಾಕು. ಎಣಿಸುವುದೇ ಕಿರಿಕಿರಿ ಅನಿಸಿದರೆ ರೂಮಿಗೆ ಬಂದು ದುಂಬಿಯ ಹಾಗೆ ಗುಂಯ್‌ಗುಡುವ ಭ್ರಾಮರಿ ಪ್ರಾಣಾಯಾಮ ಮಾಡು, ಗುಂಯ್ ಅಂದಷ್ಟು ಹೊತ್ತೂ ಉಸಿರು ಹೊರಗೇ ಹೋಗುತ್ತಿರುತ್ತದಲ್ವಾ. ಪಕ್ಕದ ರೂಮಿನವರು ನಕ್ಕರೆ ನಗಲಿ.

ಸುಮ್ಮನೆ ಕೂತಾಗಲೂ ಎದೆ ಹೀಗೇ ಹೊಡೆದುಕೊಳ್ಳುತ್ತಿದ್ದರೆ ಡಾಕ್ಟರ್ ಹತ್ತಿರ ಹೋಗಿ ಬಿ.ಪಿ., ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸು. ಎರಡು ವಾರವಾದರೂ ನಿದ್ದೆ ಬಾರದಿದ್ದರೆ, ಅಳು ನಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮನಸ್ಸು ತೀರಾ ಕೆಟ್ಟ ಕಡೆ ಓಡುತ್ತಿದ್ದರಂತೂ ಎರಡು ವಾರ ಕಾಯಬೇಡ, ಇವತ್ತೇ ಮಾಡು.

ಇನ್ನು ಅಪ್ಪಯ್ಯ. ಅವರಿಗೆ ಕಾರ್ಬನ್ ಡೈಆಕ್ಸೈಡ್ ಕತೆ ಹೇಳಬೇಡ, ವಾದಕ್ಕೆ ನಿಲ್ಲುತ್ತಾರೆ. ಯೋಗಸೂತ್ರದಲ್ಲಿ ಪತಂಜಲಿ ಆಸನದ ಬಗ್ಗೆ ಹೇಳುವ ಮೊದಲ ಮಾತೇ ಇದು: 'ಸ್ಥಿರಸುಖಮಾಸನಮ್'. ಇದು ಅವರಿಗೆ ಬಾಯಿಪಾಠ ಇರುತ್ತದೆ. ಸ್ಥಿರ ಇದೆ, ಸುಖವೇ ಇಲ್ಲ ಅಪ್ಪಯ್ಯ ಅನ್ನು. ಬೆಳಿಗ್ಗೆ ಐದಕ್ಕಲ್ಲ, ಭಾನುವಾರ ಅವರು ತೋಟದಿಂದ ಬಂದು ಕಷಾಯ ಕುಡಿಯುವ ಹೊತ್ತಿಗೆ ಫೋನ್ ಮಾಡು. ಆಯಿ ಪಕ್ಕದಲ್ಲೇ ಇರುತ್ತಾರೆ, ಅದೂ ಒಳ್ಳೆಯದೇ.