ತಲಪಾಡಿ ಗಡಿ ದಾಟಿದರೆ ದೂರು ಯಾರಿಗೆ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಉಪ್ಪಳದವಳು. ಮಂಗಳೂರಿನ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹಿಂದೆ ಜತೆಗೆ ಕೆಲಸ ಮಾಡುತ್ತಿದ್ದವನೊಬ್ಬ ಮಳೆಗಾಲದಿಂದ ನನ್ನ ಹಿಂದೆ ಬಿದ್ದಿದ್ದಾನೆ. ಸಂಜೆ ನನ್ನ ಬಸ್ಸನ್ನೇ ಹತ್ತಿ, ಉಪ್ಪಳದಲ್ಲಿಳಿದು ಮನೆಯ ತಿರುವಿನವರೆಗೂ ಬರುತ್ತಾನೆ. ನಂಬರ್ ಬ್ಲಾಕ್ ಮಾಡಿದರೆ ಹೊಸ ನಂಬರಿನಿಂದ ಸಂದೇಶ ಕಳುಹಿಸುತ್ತಾನೆ. ಮಂಗಳೂರಿನ ಠಾಣೆಯೊಂದರಲ್ಲಿ “ನಿಮ್ಮ ಕೇರಳದಲ್ಲೇ ದೂರು ಕೊಡಿ” ಎಂದರು. ಅಣ್ಣ ಕೆಲಸ ಬಿಡು ಎನ್ನುತ್ತಾನೆ. ಏನು ಮಾಡಲಿ ಮೇಡಂ?

ಉತ್ತರ: ಕೆಲಸ ಯಾಕೆ ಬಿಡಬೇಕು? ಮನೆಯ ತಿರುವು ಗೊತ್ತಿರುವವನಿಂದ ಮನೆಯಲ್ಲಿ ಕೂತರೆ ತಪ್ಪಿಸಿಕೊಂಡಂತಾಗುವುದಿಲ್ಲ. ಅಣ್ಣನಿಗೆ ನೆರವಾಗುವ ಮನಸ್ಸಿದ್ದರೆ ಸಂಜೆ ಬಸ್ ನಿಲ್ದಾಣಕ್ಕೆ ಬರಲಿ. ಆದರೆ ಕೈಮಾಡುವುದು ಬೇಡ. ಪ್ರಕರಣ ಅಣ್ಣನ ಮೇಲೆಯೇ ತಿರುಗುತ್ತದೆ.

ಹೆಣ್ಣು ಬೇಡವೆಂದು ಸ್ಪಷ್ಟಪಡಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ಮೊದಲ ಸಲ 3 ವರ್ಷದವರೆಗೆ, ಮರುಕಳಿಸಿದರೆ 5 ವರ್ಷದವರೆಗೆ ಸೆರೆವಾಸ, ಜತೆಗೆ ದಂಡ. ಆ “ಬೇಡ” ನಿಮ್ಮ ಮೊಬೈಲಿನಲ್ಲಿ ಬರಹರೂಪದಲ್ಲಿ ಇದೆಯೇ? ಇಲ್ಲವಾದರೆ ಒಂದೇ ಸಂದೇಶ ಕಳುಹಿಸಿ: “ನನ್ನನ್ನು ಹಿಂಬಾಲಿಸಬೇಡಿ, ಸಂಪರ್ಕಿಸಬೇಡಿ.” ಕ್ಷಮಿಸಿ, ದಯವಿಟ್ಟು ಎಂಬ ಉಪಚಾರ ಬೇಕಿಲ್ಲ. ಆಮೇಲೆ ಅವನು ಅತ್ತರೂ ಬೈದರೂ ಉತ್ತರಿಸಬೇಡಿ. ಅವನ ಸಂದೇಶಗಳು ಎಷ್ಟೇ ಅಸಹ್ಯವಾಗಿರಲಿ, ಅಳಿಸಬೇಡಿ. ನಂಬರ್, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಗೆಳತಿಯೊಬ್ಬಳಿಗೂ ಕಳುಹಿಸಿಡಿ. ಕಂಡಕ್ಟರ್‌ಗೆ ಅವನನ್ನು ತೋರಿಸಿಡಿ. ದಿನಾ ಅದೇ ದಾರಿಯಲ್ಲಿ ಓಡಾಡುವ ಕಂಡಕ್ಟರ್ ಒಳ್ಳೆಯ ಸಾಕ್ಷಿ.

ಇನ್ನು ಆ ಠಾಣೆಯವರ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಇಂಥ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಜೀರೋ ಎಫ್‌ಐಆರ್ ಎನ್ನುವುದು ಇದನ್ನೇ. ನಿಮ್ಮ ದೂರನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಪ್ರತಿ ಉಚಿತವಾಗಿ ಸಿಗಬೇಕು. ಒಪ್ಪದಿದ್ದರೆ ದೂರನ್ನು ಅಂಚೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಗೆ, ಮಂಗಳೂರು ನಗರದ ಠಾಣೆಯಾದರೆ ಪೊಲೀಸ್ ಆಯುಕ್ತರಿಗೆ ಕಳುಹಿಸಿ. ಅವನು ಉಪ್ಪಳದವರೆಗೂ ಬರುತ್ತಿರುವುದರಿಂದ ಮಂಜೇಶ್ವರ ಠಾಣೆಯಲ್ಲೂ ನೀವು ನೇರವಾಗಿ ದೂರು ಕೊಡಬಹುದು. ಕನ್ನಡದಲ್ಲೇ ಬರೆಯಿರಿ. ಕಚೇರಿಗಳೊಡನೆ ನಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕಾಸರಗೋಡಿನ ಕನ್ನಡಿಗರಿಗೆ ಕೊಟ್ಟಿದೆ. ಮಲಯಾಳ ಬಾರದೆಂದು ಹಿಂಜರಿಯುವವರನ್ನು ಕಂಡಾಗ ನನಗೆ ಸಿಟ್ಟೇ ಬರುತ್ತದೆ!

ಒಬ್ಬಳೇ ಠಾಣೆಗೆ ಹೋಗಲು ಅಳುಕಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ನೊಂದ ಮಹಿಳೆಯರಿಗಾಗಿರುವ ಸಖಿ ಕೇಂದ್ರದ ನೆರವು ಕೇಳಿ; ಆಪ್ತಸಮಾಲೋಚನೆಯೂ ಅಲ್ಲಿ ಸಿಗುತ್ತದೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಮಹಿಳೆಯರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಬಸ್ಸಿನಲ್ಲೇ ಭಯವಾದರೆ 112ಕ್ಕೆ ಕರೆ ಮಾಡಿ. ಹೆಸರಿಗಿಂತ ಮೊದಲು, ತಲಪಾಡಿ ಗಡಿಯಿಂದ ಈಚೆಗಿದ್ದೀರೋ ಆಚೆಗಿದ್ದೀರೋ ಹೇಳಿಬಿಡಿ.